18 ವರ್ಷದ ವಿಸ್ಕಿಗೆ 18 ನಿಮಿಷವಾದರೂ ಕೊಡಿ

ಮೊನ್ನೆ ಮೈಸೂರಿನ ಗೆಳೆಯರೊಬ್ಬರ ಮನೆಯಲ್ಲಿ 18 ವರ್ಷ ಮರದ ಪೀಪಾಯಿಯಲ್ಲಿ ಮಾಗಿದ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯಲ್ಲಿ ಬಾರ್ಲಿ ಮೊಳಕೆಯಿಂದಷ್ಟೇ ಮಾಡಿದ ವಿಸ್ಕಿ, ತೆರೆದರು. ಒಬ್ಬರು ಐಸ್ ತುಂಬಿದರು. ಇನ್ನೊಬ್ಬರು ಸೋಡಾ ಸುರಿದರು. ಮತ್ತೊಬ್ಬರು ಖಾರದ ಕಡಲೆಬೀಜ ಜಗಿಯುತ್ತಲೇ ಲೋಟ ಖಾಲಿ ಮಾಡಿ, ‘ಅಂಥಾದ್ದೇನಿದೆ ಇದ್ರಲ್ಲಿ?’ ಅಂದರು. ನನಗೆ ಹೊಟ್ಟೆ ಉರಿಯಿತು.

ಮೊದಲು ಅಗರಬತ್ತಿ ಆರಿಸಿ. ನಮ್ಮೂರಲ್ಲಿ ಇದು ದೊಡ್ಡ ಕಾಟ. ಖಾರದ ತಿಂಡಿ ಆಮೇಲೆ.

ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಗಾಜಿನ ಲೋಟಕ್ಕೆ 30 ಎಂ.ಎಲ್. ಸಾಕು. ಬಣ್ಣಕ್ಕೆ ಮರುಳಾಗಬೇಡಿ. ಸ್ಕಾಚ್‌ಗೆ, ಅಂದರೆ ಸ್ಕಾಟ್ಲೆಂಡ್‌ನ ವಿಸ್ಕಿಗೆ, ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನೇ ಒಪ್ಪುತ್ತದೆ.

ಎಲ್ಲರೂ ಎಡವುವುದು ಮೂಗಿನ ಕೆಲಸದಲ್ಲಿ. ಲೋಟದೊಳಗೆ ಮೂಗು ತೂರಿಸಿ ಜೋರಾಗಿ ಎಳೆದರೆ ಆಲ್ಕೋಹಾಲ್ ಚುರ್ ಅನ್ನುತ್ತದೆ, ಮೂಗು ಮಂಕಾಗುತ್ತದೆ. ಲೋಟವನ್ನು ಗಲ್ಲದ ಹತ್ತಿರ ಹಿಡಿದು ನಿಧಾನವಾಗಿ ಮೇಲಕ್ಕೆ ತನ್ನಿ. ಬಾಯಿ ತುಸು ತೆರೆದಿರಲಿ. ಒಂದು ಹೊಳ್ಳೆ, ಆಮೇಲೆ ಇನ್ನೊಂದು. ಸಾಕಾಯಿತಾ? ನಿಮ್ಮದೇ ಅಂಗಿಯ ತೋಳು ಮೂಸಿ, ಮೂಗು ತಿಳಿಯಾಗುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ನೋಡಿ, ವಾಸನೆ ಬದಲಾಗಿರುತ್ತದೆ. ಬಾಟಲಿ ಮೇಲಿನ ವರ್ಣನೆ ಓದಲೇಬೇಡಿ. ನಂಜನಗೂಡು ರಸಬಾಳೆ ನೆನಪಾಯಿತಾ, ಮಂಡ್ಯದ ಆಲೆಮನೆಯ ಬಿಸಿ ಪಾಕವಾ? ಹಾಗೇ ಬರೆದುಕೊಳ್ಳಿ. ವೆನಿಲ್ಲಾ, ಕೊಬ್ಬರಿ ಬಂದರೆ ಮಾಗಿಸಿದ್ದು ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ಇದ್ದ ಪೀಪಾಯಿಯಲ್ಲಿರಬಹುದು. ಒಣದ್ರಾಕ್ಷಿ, ಅಂಜೂರವಾದರೆ ಶೆರ್ರಿ (ಸ್ಪೇನ್‌ನ ವೈನ್) ಪೀಪಾಯಿ ಇರಬಹುದು. ಹೊಗೆ, ಟಿಂಚರ್ ವಾಸನೆ ಬಂದರೆ ಬಾರ್ಲಿ ಮೊಳಕೆಯನ್ನು ಪೀಟ್ (ಜೌಗು ನೆಲದ, ಕೊಳೆತ ಗಿಡಗಳ ಮಣ್ಣು) ಹೊಗೆಯಲ್ಲಿ ಒಣಗಿಸಿದ್ದಾರೆ.

ಈಗ ಒಂದು ಗುಟುಕು. ನಾಲಿಗೆ ಮೇಲೆಲ್ಲ ಆಡಿಸಿ ನುಂಗಿ. ಆಮೇಲೆ ಚಮಚದಲ್ಲಿ ಕೆಲವೇ ಹನಿ ನೀರು. ಕ್ಲೋರಿನ್ ವಾಸನೆಯ ನಲ್ಲಿ ನೀರು ಬೇಡ. ವಿಸ್ಕಿ ತಣ್ಣಗಿಡುವ ಕಲ್ಲುಗಳಿಗೂ ಸುಮ್ನೆ ದುಡ್ಡು ಹಾಕಬೇಡಿ, ತಣ್ಣಗಾದರೆ ವಾಸನೆ ಏಳುವುದಿಲ್ಲ.

ವಯಸ್ಸು ಜಾಸ್ತಿಯಾದರೆ ರುಚಿಯೂ ಜಾಸ್ತಿ ಅಂತಿಲ್ಲ. ಬಾಟಲಿ ಮೇಲಿನ ಅಂಕಿ ಒಳಗಿರುವ ಅತಿ ಎಳೆಯ ವಿಸ್ಕಿಯದು. ಸ್ಕಾಟ್ಲೆಂಡ್‌ನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಿನ ಸೆಕೆಗೆ 10%ಕ್ಕೂ ಹೆಚ್ಚು ಹೋಗುತ್ತದೆ. ಮರದ ಗುಣವೂ ಬೇಗ ಇಳಿಯುತ್ತದೆ. ಹಾಗಾಗಿ 2004ರಲ್ಲಿ ಗ್ಲಾಸ್ಗೋದಲ್ಲಿ ಮಾರಾಟಕ್ಕಿಳಿದ ನಮ್ಮ ಬೆಂಗಳೂರಿನ ಸಿಂಗಲ್ ಮಾಲ್ಟ್ ಅಮೃತ್‌ನಂಥದ್ದನ್ನು ವರ್ಷ ಎಣಿಸಿ ಅಳೆಯಬೇಡಿ. ನುಂಗಿದ ಮೇಲೆ ನಾಲಿಗೆ ಕಾಚು ತಿಂದಂತೆ ಒಗರಾದರೆ ಪೀಪಾಯಿಯಲ್ಲಿ ಇಟ್ಟದ್ದು ಅತಿಯಾಗಿದೆ. ಬಾರ್ಲಿಯ ಸಿಹಿ ಇನ್ನೂ ಉಳಿದಿದ್ದರೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅಂದಹಾಗೆ, ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ಮದ್ಯಸಾರ ಬೆರೆಸಿದ್ದು ಸಿಂಗಲ್ ಮಾಲ್ಟ್ ಅಲ್ಲ. ಮಂಡ್ಯದ ಕಬ್ಬಿನ ಮೇಲೆ ಎಷ್ಟೇ ಅಭಿಮಾನವಿದ್ದರೂ ಅಷ್ಟೇ.

ಖಾಲಿ ಲೋಟ ತೊಳೆಯಬೇಡಿ, ಮನೆಯವರಿಗೂ ಹೇಳಿಡಿ. ಬೆಳಿಗ್ಗೆ ಒಮ್ಮೆ ಮೂಸಿ. ಆಲ್ಕೋಹಾಲ್ ಹಾರಿಹೋಗಿ ಮರದ ವಾಸನೆಯಷ್ಟೇ ಉಳಿದಿರುತ್ತದೆ.