ಮೂಲ ಒಂದು ಕಡೆ, ಅನುವಾದ ಇನ್ನೊಂದು ಕಡೆ: ವರ್ಡ್‌ನಲ್ಲಿ ಎರಡು ಫೈಲ್ ಅಕ್ಕಪಕ್ಕ ಇಟ್ಟು ತಾಳೆ ನೋಡುವುದು ಹೇಗೆ?

ಮುಂಬಯಿಯ ಕನ್ನಡ ಸಂಘಗಳಲ್ಲಿ ಸ್ಮರಣ ಸಂಚಿಕೆಯ ಕೆಲಸ ಶುರುವಾಯಿತೆಂದರೆ ಮರಾಠಿಯಿಂದ ಕನ್ನಡಕ್ಕೆ ಬಂದ ಲೇಖನ ಒಂದೆರಡಾದರೂ ಇರುತ್ತದೆ. ಅನುವಾದ ಚೆನ್ನಾಗಿಯೇ ಇರುತ್ತದೆ. ಕೆಡುವುದು ತಾಳೆ ನೋಡುವಾಗ. ಒಂದು ಫೈಲ್ ಓದುವುದು, ಆಲ್ಟ್-ಟ್ಯಾಬ್ ಒತ್ತಿ ಇನ್ನೊಂದಕ್ಕೆ ಹೋಗುವುದು, ಎಲ್ಲಿದ್ದೆವು ಅಂತ ಹುಡುಕುವುದು. ಮೂಲದಲ್ಲಿ ಎರಡು ಪ್ಯಾರಾ 'ಆ ವರ್ಷ' ಅಂತಲೇ ಶುರುವಾಗಿದ್ದರೆ ಕಣ್ಣು ಸಲೀಸಾಗಿ ಒಂದನ್ನು ಹಾರಿಸಿಬಿಡುತ್ತದೆ. ಬಿಟ್ಟುಹೋಗಿದ್ದು ಗೊತ್ತಾಗುವುದು ಅಚ್ಚಾದ ಮೇಲೆ. ಮಾಟುಂಗದಿಂದ ಡೊಂಬಿವಲಿಯವರೆಗೆ ಎಷ್ಟೋ ಕಡೆ ಇದನ್ನು ನೋಡಿದ್ದೇನೆ. ರಾತ್ರಿ ಲೋಕಲ್ ಹಿಡಿದು ಮನೆ ಸೇರಿ, ಊಟ ಮುಗಿಸಿ ಈ ಕೆಲಸಕ್ಕೆ ಕೂರುವವರ ಶ್ರಮ ಹೀಗೆ ಹಾಳಾಗಬಾರದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ನಕಲು

ಮೂಲ ಫೈಲನ್ನು ತೆರೆದು 'ಸೇವ್ ಆ್ಯಸ್' ಕೊಟ್ಟು 'ಓದಲು' ಅಂತ ಬೇರೆ ಹೆಸರಿನಲ್ಲಿ ಉಳಿಸಿ. ಇನ್ನು ಮುಂದೆ ಈ ನಕಲಿನಲ್ಲೇ ಕೆಲಸ. ಎರಡು ಕಿಟಕಿ ಎದುರಿಗಿದ್ದಾಗ ತಪ್ಪು ಕಡೆ ಟೈಪ್ ಆಗುವುದು ತೀರಾ ಸಾಮಾನ್ಯ. ನಕಲಿದ್ದರೆ ಮೂಲಕ್ಕೆ ಏನೂ ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. 'ವ್ಯೂ' ಟ್ಯಾಬ್‌ನಲ್ಲಿ 'ನ್ಯೂ ವಿಂಡೋ' ಅಂತ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಅದೇ ಫೈಲ್ ಇನ್ನೊಂದು ಕಿಟಕಿಯಲ್ಲಿ ಕಾಣುತ್ತದೆ. ತುಂಬಾ ಜನ ಅದನ್ನು ನಕಲು ಅಂದುಕೊಳ್ಳುತ್ತಾರೆ. ಅಲ್ಲ, ಫೈಲ್ ಒಂದೇ. ಒಂದು ಕಿಟಕಿಯಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಸಿಹೋಗುತ್ತದೆ. 'ಇದು ಕಾಪಿ ಅಲ್ವಾ' ಅಂತ ಅರ್ಧ ಲೇಖನ ಅಳಿಸಿ, ಸೇವ್ ಮಾಡಿ ಮುಚ್ಚಿದವರಿದ್ದಾರೆ. ಕೂಡಲೇ ಗೊತ್ತಾದರೆ ಕಂಟ್ರೋಲ್-ಝಡ್ ಒತ್ತಿ ವಾಪಸ್ ತರಬಹುದು. ಮುಚ್ಚಿದ ಮೇಲೆ ಕಷ್ಟ.

ಅಕ್ಕಪಕ್ಕ ತರುವುದು

ಎರಡೂ ಫೈಲ್ ತೆರೆಯಿರಿ. 'ವ್ಯೂ' ಟ್ಯಾಬ್‌ಗೆ ಹೋಗಿ 'ವ್ಯೂ ಸೈಡ್ ಬೈ ಸೈಡ್' ಒತ್ತಿ. ಎರಡಕ್ಕಿಂತ ಜಾಸ್ತಿ ಫೈಲ್ ತೆರೆದಿದ್ದರೆ ಯಾವುದರ ಜೊತೆ ಅಂತ ಕೇಳುತ್ತದೆ, ಆರಿಸಿ.

ಬಟನ್ ಮಸುಕಾಗಿದ್ದರೆ ಒಂದೇ ಫೈಲ್ ತೆರೆದಿದೆ ಅಂತ. ಎರಡೂ ತೆರೆದಿದ್ದರೂ ಹಾಗೇ ಇದ್ದರೆ ಮೇಲ್ಗಡೆ ಹಳದಿ ಪಟ್ಟಿ ಇದೆಯಾ ನೋಡಿ. ಇಮೇಲ್‌ನಲ್ಲಿ ಬಂದ ಫೈಲನ್ನು ವರ್ಡ್ ಸಾಮಾನ್ಯವಾಗಿ 'ಪ್ರೊಟೆಕ್ಟೆಡ್ ವ್ಯೂ'ನಲ್ಲಿ ತೆರೆಯುತ್ತದೆ. ಕಳಿಸಿದವರು ಗೊತ್ತಿದ್ದವರಾದರೆ 'ಎನೇಬಲ್ ಎಡಿಟಿಂಗ್' ಒತ್ತಿ.

ಪಕ್ಕದಲ್ಲೇ ಇರುವ 'ಅರೇಂಜ್ ಆಲ್' ಈ ಕೆಲಸಕ್ಕೆ ಬೇಡ. ಅದು ಫೈಲ್‌ಗಳನ್ನು ಒಂದರ ಕೆಳಗೆ ಒಂದು ಜೋಡಿಸುತ್ತದೆ. ಮೂರು ಫೈಲ್ ಇದ್ದರೆ ಪ್ರತಿಯೊಂದಕ್ಕೂ ಬೆರಳೆಣಿಕೆಯ ಸಾಲುಗಳಷ್ಟೇ ಸಿಗುತ್ತವೆ.

ಜಾಗ ಮಾಡಿಕೊಳ್ಳುವುದು

ಹಳೆಯ ಲ್ಯಾಪ್‌ಟಾಪ್‌ಗಳ ಪರದೆ ಹೆಚ್ಚಾಗಿ 1366 ಪಿಕ್ಸೆಲ್ ಅಗಲ. ಅರ್ಧ ಮಾಡಿದರೆ 683. ಎ4 ಹಾಳೆ 100 ಪರ್ಸೆಂಟ್‌ನಲ್ಲಿ ಪೂರ್ತಿ ಕಾಣಲು ಸುಮಾರು 794 ಪಿಕ್ಸೆಲ್ ಬೇಕು. ಅದಕ್ಕೇ ಸಾಲಿನ ಕೊನೆ ಕತ್ತರಿಸಿದಂತೆ ಕಾಣುವುದು. ಎರಡೂ ಕಿಟಕಿಯಲ್ಲಿ 'ಪೇಜ್ ವಿಡ್ತ್' ಕೊಡಿ. ಕಂಟ್ರೋಲ್-ಎಫ್ 1 ಒತ್ತಿದರೆ ಮೇಲಿನ ಬಟನ್‌ಗಳ ಪಟ್ಟಿ ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಎಡಗಡೆ ನ್ಯಾವಿಗೇಶನ್ ಪಟ್ಟಿ ತೆರೆದಿದ್ದರೆ ಮುಚ್ಚಿ.

ಎರಡನ್ನೂ ಒಟ್ಟಿಗೆ ಓಡಿಸುವುದು: ಎಲ್ಲರೂ ಎಡವುವುದು ಇಲ್ಲೇ

ಅಕ್ಕಪಕ್ಕ ಇಟ್ಟ ಕೂಡಲೇ 'ಸಿಂಕ್ರೊನಸ್ ಸ್ಕ್ರೋಲಿಂಗ್' ತಾನಾಗಿಯೇ ಆನ್ ಆಗುತ್ತದೆ. ಒಂದನ್ನು ಸರಿಸಿದರೆ ಇನ್ನೊಂದೂ ಸರಿಯುತ್ತದೆ. ನೋಡಲು ಖುಷಿ. ಮೊದಲ ಪುಟ ಚೆನ್ನಾಗಿ ಹೋಗುತ್ತದೆ. ಎರಡು-ಮೂರು ಪುಟ ಕಳೆಯುವಷ್ಟರಲ್ಲಿ ಮರಾಠಿ ಮುಂದೆ, ಕನ್ನಡ ಹಿಂದೆ. ಆಗ ಜನ 'ಇದು ಸರಿಯಿಲ್ಲ' ಅಂತ ಬಿಟ್ಟು ಮತ್ತೆ ಆಲ್ಟ್-ಟ್ಯಾಬ್‌ಗೇ ಹೋಗುತ್ತಾರೆ.

ಕಾರಣ ಸರಳ. ವರ್ಡ್‌ಗೆ ಅರ್ಥ ತಿಳಿಯದು. ಅದು ಎರಡನ್ನೂ ಒಟ್ಟೊಟ್ಟಿಗೆ ಉರುಳಿಸುತ್ತದೆ ಅಷ್ಟೇ. ಅನುವಾದ ಮೂಲದಷ್ಟೇ ಉದ್ದ ಇರುವುದಿಲ್ಲ. ಮೇಲಾಗಿ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಾದ್ದರಿಂದ ಕನ್ನಡದ ಫಾಂಟ್‌ಗಳಲ್ಲಿ ಸಾಲುಗಳ ನಡುವೆ ಅಂತರ ಜಾಸ್ತಿ. ಜೋಡೆತ್ತಿನಲ್ಲಿ ಒಂದು ಬಿರುಸಾಗಿ ನಡೆದರೆ ಇನ್ನೊಂದನ್ನು ಆಗಾಗ ಸರಿಮಾಡುತ್ತಿರಬೇಕಲ್ಲ, ಇದೂ ಹಾಗೇ.

ಸರಿಮಾಡುವ ಕ್ರಮ ಹೇಳುತ್ತೇನೆ, ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಶುರು ಮಾಡುವ ಮೊದಲೇ ಎರಡೂ ಫೈಲ್‌ನ ಪ್ರತಿ ಪ್ಯಾರಾದ ಮುಂದೆ [01], [02], [03] ಅಂತ ಹಾಕಿ. ಮೂಲದ ನಕಲಿನಲ್ಲಿ ಮೊದಲು, ಆಮೇಲೆ ಅನುವಾದದಲ್ಲಿ. ಬಿಟ್ಟುಹೋದ ಪ್ಯಾರಾ ಇದ್ದರೆ ಈ ಹಂತದಲ್ಲೇ ಅರ್ಧ ಸಿಕ್ಕಿಬೀಳುತ್ತದೆ: ಅಲ್ಲಿ ಕೊನೆಯದು [34], ಇಲ್ಲಿ [33].

ಆಮೇಲೆ ಒಂದು ಪುಟದ ಕೊನೆ ಮತ್ತು ಮುಂದಿನ ಪುಟದ ಶುರುವಿನ ನಡುವಿನ ಸಂದಿಯ ಮೇಲೆ ಮೌಸ್ ಒಯ್ದು ಡಬಲ್ ಕ್ಲಿಕ್ ಮಾಡಿ. ಮೇಲೆ-ಕೆಳಗಿನ ಖಾಲಿ ಅಂಚು ಮರೆಯಾಗುತ್ತದೆ. ಎರಡೂ ಕಿಟಕಿಯಲ್ಲಿ ಮಾಡಿ.

ಈಗ ಉದ್ದ ಹೊಂದಿಸಿ. ಮರಾಠಿ ಪುಟ ಕಡಿಮೆ ಇದ್ದರೆ ಆ ನಕಲಿನಲ್ಲಿ ಕಂಟ್ರೋಲ್-ಎ ಒತ್ತಿ ಎಲ್ಲ ಆರಿಸಿ, ಕಂಟ್ರೋಲ್ ಹಿಡಿದು ] ಒತ್ತಿ. ಒಂದು ಸಲ ಒತ್ತಿದರೆ ಅಕ್ಷರ ಒಂದು ಪಾಯಿಂಟ್ ದೊಡ್ಡದಾಗುತ್ತದೆ. ಎರಡರ ಒಟ್ಟು ಪುಟ ಹತ್ತಿರ ಹತ್ತಿರ ಬರುವವರೆಗೆ ಒತ್ತಿ. ಹೇಗೂ ನಕಲು ತಾನೇ.

ಇಷ್ಟಾದರೂ ಸ್ವಲ್ಪ ಹಿಂದುಮುಂದಾಗುತ್ತದೆ. ಆಗ 'ಸಿಂಕ್ರೊನಸ್ ಸ್ಕ್ರೋಲಿಂಗ್' ಆಫ್ ಮಾಡಿ. ಹಿಂದೆ ಬಿದ್ದ ಕಿಟಕಿಯನ್ನು ಮಾತ್ರ ಸರಿಸಿ, [12] ಎದುರಿಗೆ [12] ಬಂದು ನಿಂತ ಮೇಲೆ ಮತ್ತೆ ಆನ್ ಮಾಡಿ. ಅಲ್ಲಿಂದ ಮತ್ತೆ ಜೊತೆಯಾಗಿ ಹೋಗುತ್ತವೆ. ಹೊಸ ಉಪಶೀರ್ಷಿಕೆ ಬಂದಾಗಲೆಲ್ಲ ಹೀಗೆ ಮಾಡಿ. ಪೂರ್ತಿ ತಪ್ಪಿಹೋಗುವವರೆಗೆ ಕಾಯಬೇಡಿ. ಎಳೆದಾಡಿ ಕಿಟಕಿಗಳ ಅಳತೆ ಕೆಟ್ಟಿದ್ದರೆ 'ರೀಸೆಟ್ ವಿಂಡೋ ಪೊಸಿಶನ್' ಎರಡಕ್ಕೂ ಸಮಪಾಲು ಕೊಡುತ್ತದೆ.

ಕನ್ನಡ ಫೈಲ್ ತೆರೆದಾಗ ಗಜಿಬಿಜಿಯಾಗಿ ಕಂಡರೆ

ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ (ಬೇರೆ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಗೆ) ಬದಲಾಯಿಸಿ, ಆಮೇಲೆ ತಾಳೆ ನೋಡಿ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ.

ಒಂದೇ ಫೈಲ್‌ನ ಎರಡು ಜಾಗ

ಎರಡನೇ ಪುಟದಲ್ಲಿ 'ಕಾಸರಗೋಡು', ನಲವತ್ತನೇ ಪುಟದಲ್ಲಿ 'ಕಾಸರಗೋಡ್' ಆಗಿದೆಯಾ ಅಂತ ನೋಡಲು 'ಸ್ಪ್ಲಿಟ್' ಸಾಕು. ಆಲ್ಟ್-ಕಂಟ್ರೋಲ್-ಎಸ್ ಒತ್ತಿದರೆ ಕಿಟಕಿ ಮೇಲೆ-ಕೆಳಗೆ ಎರಡಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಒಂದಾಗುತ್ತದೆ.

ವರ್ಡ್ ಇಲ್ಲದಿದ್ದರೆ

ಲಿಬ್ರೆ ಆಫೀಸ್ ಇರಲಿ, ಗೂಗಲ್ ಡಾಕ್ಸ್ ಇರಲಿ, ವಿಂಡೋಸ್ ಕೀ ಹಿಡಿದು ಎಡ ಬಾಣದ ಕೀ ಒತ್ತಿದರೆ ಕಿಟಕಿ ಎಡ ಅರ್ಧಕ್ಕೆ, ಬಲ ಬಾಣಕ್ಕೆ ಬಲ ಅರ್ಧಕ್ಕೆ ಹೋಗುತ್ತದೆ. ಗೂಗಲ್ ಡಾಕ್ಸ್ ಆದರೆ ಮೊದಲು ಒಂದು ಟ್ಯಾಬನ್ನು ಹೊರಗೆಳೆದು ಬೇರೆ ಕಿಟಕಿ ಮಾಡಿಕೊಳ್ಳಿ. ಜೊತೆಯಾಗಿ ಸ್ಕ್ರೋಲ್ ಆಗುವುದಿಲ್ಲ, ಪ್ಯಾರಾ ನಂಬರ್ ಇದ್ದರೆ ಅದೇನೂ ಅಡ್ಡಿಯಾಗುವುದಿಲ್ಲ. ಪರದೆ ಭಾಗ ಮಾಡಿಕೊಡುತ್ತೇವೆ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಎಷ್ಟೋ ಜಾಹೀರಾತು ತುಂಬಿಸುತ್ತವೆ, ಈ ಕೆಲಸಕ್ಕೆ ಬೇಕಾದ್ದನ್ನು ವಿಂಡೋಸೇ ಮಾಡುತ್ತದೆ.

ಈ ಕೆಲಸ ಆಗಾಗ ಮಾಡುವವರಾದರೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಮಾನಿಟರ್ ತಂದುಬಿಡಿ. ಅಂಗಡಿಯಲ್ಲೇ ಹಚ್ಚಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಪೋರ್ಟೇ ಮಾನಿಟರ್‌ನಲ್ಲೂ ಇರಲಿ. ಅಗ್ಗದ ಕನ್ವರ್ಟರ್ ಸಿಗಿಸಿದರೆ ಪರದೆ ನಡುನಡುವೆ ಕಪ್ಪಾಗಬಹುದು. ಮನೆಗೆ ತಂದ ಮೇಲೆ ವಿಂಡೋಸ್-ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ.

ನಂಬರ್ ತೆಗೆಯುವುದು

ಅನುವಾದದ ಫೈಲ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿ. 'ಫೈಂಡ್' ಜಾಗದಲ್ಲಿ [^#^#] ಅಂತ ಟೈಪ್ ಮಾಡಿ, 'ರಿಪ್ಲೇಸ್' ಜಾಗ ಖಾಲಿ ಬಿಡಿ. ^# ಅಂದರೆ ಯಾವುದೇ ಒಂದು ಅಂಕಿ. 'ಯೂಸ್ ವೈಲ್ಡ್‌ಕಾರ್ಡ್ಸ್' ಟಿಕ್ ಆಗಿರಬಾರದು. ಲೇಖನದಲ್ಲೇ ಚೌಕ ಕಂಸದೊಳಗೆ ಎರಡಂಕಿ ಇದ್ದರೆ 'ರಿಪ್ಲೇಸ್ ಆಲ್' ಒತ್ತಬೇಡಿ, ಒಂದೊಂದಾಗಿ ನೋಡಿ ತೆಗೆಯಿರಿ. ಡಿಟಿಪಿಗೆ ಕಳಿಸುವುದು ಇದಾದ ಮೇಲೆ. [17] ಹಾಗೇ ಉಳಿದರೆ ಅದೂ ಅಚ್ಚಾಗುತ್ತದೆ.