ಮೋಡದ ಕೆಳಗೆ ಹಾಕಿದ ಬಿಸಿ ಕಣ: ನನ್ನ ಅನುಭವ

ಕಾಂಕ್ರೀಟ್ ನೆಲದೊಳಗೆ ಪೈಪು ಹಾಕಿ ಬಿಸಿನೀರು ಓಡಿಸುವ ಬಿಸಿ ಕಣದಲ್ಲಿ ಈಗ ಎರಡು ಫಸಲು ಕಾಫಿ ಒಣಗಿಸಿದ್ದೇನೆ. ಕಾಂಕ್ರೀಟ್ ಬಿರುಕು ಬಿಟ್ಟಿಲ್ಲ, ಪೈಪು ಸೋರಿಲ್ಲ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಒಂದು ಮೂಟೆಯೂ ಬೂಷ್ಟು ಹಿಡಿದಿಲ್ಲ. "ನೆಲಕ್ಕೆ ಬಿಸಿನೀರು ಬಿಟ್ಟು ಕಾಫಿ ಒಣಗಿಸ್ತಾನಂತೆ" ಎಂದು ಸಂತೆಯಲ್ಲಿ ನಕ್ಕವರೇ ಈಗ ಅಳತೆ ಕೇಳಿಕೊಂಡು ಮನೆಗೆ ಬರುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ಕಾಂಕ್ರೀಟ್ ಕಲಸೋದು, ಪೈಪ್ ಕೆಲಸ, ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋದು) ಗೊತ್ತಿರುವವರಿಗೆ ಇದು. ಬುಡದಿಂದ ಹೇಳಲ್ಲ.

ನಮ್ಮದು ಕೊಡಗಿನ ಮಾದಾಪುರದ ಕಡೆ ಕಾಫಿ ತೋಟ. ಅರೇಬಿಕಾ ಜಾಸ್ತಿ, ರೋಬಸ್ಟಾ ಸ್ವಲ್ಪ. 2021ರ ನವೆಂಬರ್ ಮಳೆ ಯಾರೂ ಮರೆತಿಲ್ಲ ಅಲ್ವಾ? ಹಣ್ಣು ಗಿಡದಲ್ಲೇ ಒಡೆದು ಉದುರಿತು. ಕುಯ್ದು ಪಲ್ಪ್ ಮಾಡಿದ್ದು ಟಾರ್ಪಾಲ್ ಕೆಳಗೆ ಬೆವೆತು ಹುಳಿ ವಾಸನೆ ಬಂತು. ಆ ವರ್ಷ ನಮ್ಮ ಪಾರ್ಚ್‌ಮೆಂಟನ್ನು ವ್ಯಾಪಾರಿ ಮೂಸಿ ನೋಡಿ ಹೇಳಿದ ಬೆಲೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಯಂತ್ರದ ಡ್ರೈಯರ್ ವಿಚಾರಿಸಿದೆ. ನಮ್ಮಷ್ಟು ತೋಟಕ್ಕೆ ಅದು ಹೊಂದಲ್ಲ. ಚಳಿ ದೇಶಗಳಲ್ಲಿ ಮನೆಯ ನೆಲದೊಳಗೆ ಪೈಪು ಹಾಕಿ ಬಿಸಿನೀರು ಓಡಿಸುತ್ತಾರೆ. ಅದನ್ನೇ ಕಣಕ್ಕೆ ತರೋಣ ಎಂದು ಹೊರಟೆ.

ಮೊದಲು ಮನೆ ಹಿಂದೆ ಆರಡಿ ಚೌಕದ ತುಂಡುಗಳನ್ನು ಹಾಕಿ ಪರೀಕ್ಷೆ ಮಾಡಿದೆ. ತೋಟಕ್ಕೆ ನೀರು ಬಿಡುವ ಕಪ್ಪು ಎಚ್‌ಡಿಪಿಇ ಪೈಪು ಅಗ್ಗ ಎಂದು ಒಂದರಲ್ಲಿ ಅದನ್ನೇ ಹಾಕಿದ್ದೆ. ನೀರು 60 ಡಿಗ್ರಿ ಮುಟ್ಟಿದ್ದೇ ಪೈಪು ಮೆತ್ತಗಾಗಿ ಜಾಯಿಂಟ್ ಕಳಚಿಕೊಂಡಿತು. ಇನ್ನೊಂದರಲ್ಲಿ ಮನೆಯ ಬಿಸಿನೀರಿಗೆ ಹಾಕುವ ಸಿಪಿವಿಸಿ ಪೈಪು. ಅದು ಬಿಸಿ ತಡೆಯಿತು, ಆದರೆ ತಿರುವಿಗೊಂದು ಎಲ್ಬೋ. ಕಾಂಕ್ರೀಟ್ ಒಳಗೆ ಒಂದು ಎಲ್ಬೋ ಬೆವರಿದರೂ ನೆಲ ಒಡೆಯಬೇಕು. ಕರೆಂಟ್ ಕೇಬಲ್ ಹಾಕು ಅಂದರು ಕೆಲವರು. ನನ್ನ ಅಳತೆಯ ಕಣಕ್ಕೆ ಹತ್ತು ಹನ್ನೊಂದು ಕಿಲೋವ್ಯಾಟ್ ಬೇಕು. ಸಂಜೆಯಾದರೆ ನಮ್ಮ ಲೈನಿನಲ್ಲಿ ಪಂಪ್‌ಸೆಟ್ ಏಳೋದೇ ಕಷ್ಟ, ಹಾಗಾಗಿ ಆ ಮಾತು ಅಲ್ಲಿಗೇ ಬಿಟ್ಟೆ.

ಈ ತುಂಡುಗಳು ಕಲಿಸಿದ ದೊಡ್ಡ ಪಾಠ ಬೇರೆಯೇ. ಸೌದೆ ಎಷ್ಟು ಹಾಕಿದರೂ ಮೇಲೆ ಬಿಸಿ ಸಾಲುತ್ತಿರಲಿಲ್ಲ. ಅಂಚಿನಲ್ಲಿ ಗುದ್ದಲಿ ಹಾಕಿ ಕೆಳಗೆ ಕೈ ಇಟ್ಟರೆ ಮಣ್ಣು ಮೇಲಿನಷ್ಟೇ ಬೆಚ್ಚಗಿತ್ತು. ನಮ್ಮ ಒದ್ದೆ ಮಣ್ಣು ಅರ್ಧ ಬಿಸಿ ಕುಡಿದುಬಿಡುತ್ತದೆ. ಕೆಳಗೆ ಹೊದಿಕೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪ್ಯಾಕಿಂಗ್ ಥರ್ಮಾಕೋಲ್ ಆಗಲ್ಲ, ಅಮುಕಿಕೊಳ್ಳುತ್ತದೆ. ಗಟ್ಟಿ ಎಕ್ಸ್‌ಪಿಎಸ್ (ಬಿಸಿ ತಡೆಯುವ ಒತ್ತು ಫೋಮ್) ಹಲಗೆ, ಎರಡಿಂಚಿನದು, ಅದರ ಕೆಳಗೆ ದಪ್ಪ ಪಾಲಿಥಿನ್. ಖರ್ಚು ಉಳಿಸಬೇಕಾದರೆ ಬೇರೆ ಕಡೆ ಉಳಿಸಿ.

ಕೊನೆಗೆ ಹಾಕಿದ್ದು 30 ಅಡಿಗೆ 20 ಅಡಿ, ನಾಲ್ಕಿಂಚು ದಪ್ಪ. 16 ಎಂಎಂ ಪೆಕ್ಸ್ ಪೈಪು (ಬಿಸಿ ತಡೆಯುವ, ಬಾಗುವ ಪ್ಲಾಸ್ಟಿಕ್ ಪೈಪು), ಸಾಲಿಗೆ ಸಾಲಿಗೆ ಎಂಟಿಂಚು ಅಂತರ, ವೆಲ್ಡ್ ಮೆಶ್‌ಗೆ ಒಂದೂವರೆ ಅಡಿಗೊಂದರಂತೆ ಟ್ಯಾಗ್ ಹಾಕಿ ಕಟ್ಟಿದ್ದು. ಕಟ್ಟು ಸಡಿಲವಾದರೆ ಕಾಂಕ್ರೀಟ್ ಸುರಿಯುವಾಗ ಪೈಪು ಮೇಲೆ ತೇಲಿಬಿಡುತ್ತದೆ.

ಈಗ ನಿಜವಾದ ವಿಷಯ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ, ಅರೇಬಿಕಾ ಕುಯ್ಲು ಶುರುವಾಗುವ ಮೊದಲು ಕಣ ಮುಗಿಯಬೇಕು. ಆ ಹೊತ್ತಿನಲ್ಲಿ ಮಧ್ಯಾಹ್ನ ಬಿಸಿಲಿದ್ದರೂ ಮೂರು ಗಂಟೆಗೆ ಗುಡುಗು. ಮೇಲೆ ಸೂರಿಲ್ಲ. ಸೂರಿನ ಕಂಬಗಳು ಕಣದ ಅಂಚಿನ ಮೇಲೇ ಕೂರಬೇಕು, ಹಾಗಾಗಿ ನೆಲ ಮೊದಲು. ಇಡೀ ಕಣ ಒಂದೇ ದಿನ ಹಾಕಬೇಕೆಂದು ಮೇಸ್ತ್ರಿ ಹಟ ಹಿಡಿದರು. "ಅಣ್ಣಾ, ಜಾಯಿಂಟ್ ಬಿಟ್ರೆ ಅಲ್ಲೇ ಒಡೆಯೋದು, ಆಮೇಲೆ ನನ್ನ ಹೆಸರು ಹೇಳ್ಬೇಡಿ" ಅಂದರು.

ನಾನು ಒಪ್ಪಲಿಲ್ಲ. ಕಣವನ್ನು ನಾಲ್ಕು ಪಾಲು ಮಾಡಿದೆ, ಒಂದೊಂದು 15 ಅಡಿಗೆ 10 ಅಡಿ. ಒಂದು ಪಾಲಿಗೆ ಒಂದೇ ಸುತ್ತು ಪೈಪು, ಸುಮಾರು 75 ಮೀಟರ್, ನಡುವೆ ಜಾಯಿಂಟ್ ಇಲ್ಲ. ಪಾಲಿನಿಂದ ಪಾಲಿಗೆ ಒಂದು ಪೈಪೂ ದಾಟುವುದಿಲ್ಲ. ಹೋಗುವ ಬರುವ ತುದಿಗಳು ಹೊರ ಅಂಚಿನಿಂದಲೇ ಇಳಿದು, ಪಕ್ಕದ ಚರಂಡಿಯಲ್ಲಿ ಹೊದಿಕೆ ಸುತ್ತಿಕೊಂಡು ಮ್ಯಾನಿಫೋಲ್ಡ್‌ಗೆ (ಒಲೆಯ ನೀರನ್ನು ಪೈಪುಗಳಿಗೆ ಹಂಚುವ ಕೊಳವೆಗೆ) ಬರುತ್ತವೆ. ಪಾಲುಗಳ ನಡುವೆ, ಸುತ್ತ ಗೋಡೆ ಕಡೆ, ಎಲ್ಲ ಫೋಮ್ ಪಟ್ಟಿ. ನೆಲ ಬಿಸಿಯಾದರೆ ಹಿಗ್ಗಲೇಬೇಕು, ಆ ಜಾಗ ಕೊಟ್ಟಾಯಿತು. ಇದರಿಂದ ಇನ್ನೊಂದು ಲಾಭ: ಒಂದು ಪಾಲು ಕಲಸಿ ಸುರಿದು ಮಟ್ಟ ಮಾಡಲು ಎರಡು ಗಂಟೆ ಸಾಕು. ಹನ್ನೊಂದು ಮೂಟೆ ಸಿಮೆಂಟ್ ಅಷ್ಟೆ. ಮಳೆ ಹಿಡಿದರೂ ಒಂದೇ ಪಾಲು ಸಿಕ್ಕಿಕೊಳ್ಳುತ್ತದೆ, ಇಡೀ ಕಣ ಸಿಗುವುದಿಲ್ಲ. ಆಕಾಶದಲ್ಲಿ ಎರಡು ಗಂಟೆ ಹುಡುಕೋದು ಕಷ್ಟವಲ್ಲ. ಇಡೀ ದಿನ ಹುಡುಕಿದರೆ ಡಿಸೆಂಬರ್ ಬರುತ್ತದೆ.

ಒದ್ದೆ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬಗ್ಗೆ ಎಚ್ಚರ. ರಾತ್ರಿ ಮಳೆ ಕುಡಿದ ಮರಳು ಮಿಕ್ಸರ್‌ಗೆ ಬಿದ್ದರೆ ಅದರಲ್ಲೇ ಮೂಟೆಗೆ ಐದಾರು ಲೀಟರ್ ನೀರು ಇರುತ್ತದೆ. ಒಣ ಮರಳಿಗೆ ಮೂಟೆಗೆ 25 ಲೀಟರ್ ಹಾಕುತ್ತಿದ್ದ ಹುಡುಗನ ಕೈಯಿಂದ ಬಕೆಟ್ ತೆಗೆದುಕೊಂಡು ನಾನೇ ನಿಂತೆ. ಹದಿನೆಂಟು, ಹತ್ತೊಂಬತ್ತು, ಅದಕ್ಕಿಂತ ಜಾಸ್ತಿ ಇಲ್ಲ. ಕರಣೆ ಎಳೆಯೋಕೆ ಗಟ್ಟಿ ಎಂದು ಎಲ್ಲರೂ ಗೊಣಗಿದರು. ಗೊಣಗಲಿ.

ಸುರಿಯುವ ಮೊದಲೇ ಪೈಪಿಗೆ ಗಾಳಿ ತುಂಬಿ 60 ಪಿಎಸ್‌ಐ ಇಟ್ಟಿದ್ದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್, ಒಂದು ಗೇಜು, ಇಷ್ಟೇ. ಕಾಂಕ್ರೀಟ್ ಬೀಳುವಷ್ಟು ಹೊತ್ತೂ ಒಬ್ಬರ ಕಣ್ಣು ಮುಳ್ಳಿನ ಮೇಲೇ ಇರಬೇಕು. ಮೋಡ ಕವಿದು ತಂಪಾದಾಗ ಮುಳ್ಳು ಎರಡು ಮೂರು ಇಳಿಯಿತು. ಮೇಸ್ತ್ರಿ ಹೌಹಾರಿದರು. ಅದು ಸೋರಿಕೆಯಲ್ಲ, ಗಾಳಿ ತಣ್ಣಗಾಗಿ ಕುಗ್ಗಿದ್ದು. ಮೂರನೇ ಪಾಲಿನಲ್ಲಿ ಮಾತ್ರ ನಿಜವಾಗಿಯೇ ಬಿತ್ತು. 60ರಿಂದ 40ಕ್ಕೆ, ನೋಡುತ್ತಿದ್ದ ಹಾಗೆ. ಗುದ್ದಲಿ ತುದಿ ತಾಗಿತ್ತು. ಹಸಿ ಕಾಂಕ್ರೀಟಿನಲ್ಲಿ ಗುಳ್ಳೆ ಏಳುವ ಜಾಗ ಹುಡುಕಿ, ಬಗೆದು, ಗಾಯದ ತುಂಡು ಕತ್ತರಿಸಿ ಪ್ರೆಸ್ ಕಪ್ಲಿಂಗ್ ಹಾಕಿ, ಟೇಪ್ ಸುತ್ತಿ ಮುಚ್ಚಿದೆವು. ಆ ಜಾಗದ ಅಳತೆಯನ್ನು ಎರಡು ಅಂಚಿನಿಂದ ಹಿಡಿದು ಗೋಡೆ ಮೇಲೆ ಬರೆದಿದ್ದೇನೆ. ಗಾಳಿ ತುಂಬಿರದಿದ್ದರೆ ಇದು ಗೊತ್ತಾಗುತ್ತಿದ್ದದ್ದು ಡಿಸೆಂಬರಿನಲ್ಲಿ, ಕಾಫಿ ಹರಡಿದ ಮೇಲೆ.

ಮಳೆ ಹಿಡಿದದ್ದು ಎರಡನೇ ಪಾಲಿಗೆ. ಮಟ್ಟಗೋಲು ಎಳೆದು ಮುಗಿಸುವಷ್ಟರಲ್ಲಿ ಶುರುವಾಗಿ ಅರ್ಧ ಗಂಟೆಯಲ್ಲಿ 35 ಸೆಂಟ್ (ನೂರು ಸೆಂಟ್ ಅಂದರೆ ಒಂದಿಂಚು ಮಳೆ) ಸುರಿಯಿತು. ಟಾರ್ಪಾಲ್ ತಯಾರಿತ್ತು, ಎತ್ತರಕ್ಕೆ ಕಟ್ಟುವ ಹಗ್ಗವೂ ಇತ್ತು. (ಆ ಹಗ್ಗ ಕಟ್ಟುವ ರೀತಿ ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.) ಒಂದು ಮೂಲೆಯಲ್ಲಿ ಮಾತ್ರ ನೀರು ನುಗ್ಗಿ ಮೇಲಿನ ಸಿಮೆಂಟ್ ಹಾಲು ತೊಳೆದು ಜಲ್ಲಿ ಕಾಣಿಸಿತು. ಒಣ ಸಿಮೆಂಟ್ ಎರಚಿ ಉಜ್ಜಿಬಿಡೋಣ ಅಂದರು ಮೇಸ್ತ್ರಿ. ಎಲ್ಲ ಕಡೆ ಹಾಗೇ ಮಾಡುತ್ತಾರೆ, ಎರಡು ವರ್ಷಕ್ಕೆ ಹಪ್ಪಳದ ಹಾಗೆ ಏಳುತ್ತದೆ. ನಾನು ಬಿಡಲಿಲ್ಲ. ನೀರು ಸೇರಿ ಕೆಟ್ಟ ಪದರ ಪೂರ್ತಿ ಕೆರೆದು ತೆಗೆಸಿ, ಮಿಕ್ಸರ್‌ನಲ್ಲಿ ಉಳಿದಿದ್ದ ಒಳ್ಳೆ ಕಾಂಕ್ರೀಟನ್ನೇ ತುಂಬಿಸಿ ಕೂರಿಸಿದೆ. ಇವತ್ತು ಆ ಮೂಲೆ ಯಾವುದು ಎಂದು ಕೇಳಿದರೆ ಯಾರಿಗೂ ತೋರಿಸಲಾಗಲ್ಲ. ರಾತ್ರಿ ಮತ್ತೆ ಜೋರು ಮಳೆ. ಅಷ್ಟರಲ್ಲಿ ಗಟ್ಟಿಯಾಗಿತ್ತು, ಆ ಮಳೆ ಕ್ಯೂರಿಂಗ್‌ಗೇ ಆಯಿತು.

ಒದ್ದೆ ಹವೆ, ಪೈಪಿನಲ್ಲಿ ಬಿಸಿನೀರು ಬಿಟ್ಟು ಬೇಗ ಗಟ್ಟಿ ಮಾಡು ಎಂದು ಸಲಹೆ ಕೊಟ್ಟವರೂ ಇದ್ದರು. ಬೇಡವೇ ಬೇಡ. ಸಿಮೆಂಟ್ ನೆಲಕ್ಕೆ ಮೂರು ವಾರವಾದರೂ ಬೆಂಕಿ ತೋರಿಸಬಾರದು. ನಾನು ತಿಂಗಳ ಹತ್ತಿರ ಬಿಟ್ಟೆ, ಗೋಣಿ ಹೊದಿಸಿ ನೀರು ಹೊಡೆದೆ. ಆಮೇಲೂ ಮೂರು ದಿನ ನೀರು 25 ಡಿಗ್ರಿ, ನಂತರ ದಿನಕ್ಕೆ ಐದೈದು ಏರಿಸಿದೆ.

ಒಲೆ ಕುಶಾಲನಗರದಲ್ಲಿ ವೆಲ್ಡಿಂಗ್ ಮಾಡಿಸಿದ್ದು, ಸುತ್ತ ನೀರಿನ ಗೂಡಿರುವುದು. ಮೇಲೆ ಬಾಯಿ ತೆರೆದ ಸಣ್ಣ ಟ್ಯಾಂಕ್ ಇರಲೇಬೇಕು. ನಮ್ಮಲ್ಲಿ ಕರೆಂಟ್ ಹೋದರೆ ಪಂಪು ನಿಂತು ಒಲೆಯ ನೀರು ಕುದಿಯುತ್ತದೆ. ಮುಚ್ಚಿದ ಒಲೆಯಾದರೆ ಅದು ಬಾಂಬು. ಪಂಪಿಗೆ ಮನೆಯ ಇನ್ವರ್ಟರ್‌ನಿಂದ ಲೈನ್ ಎಳೆದಿದ್ದೇನೆ. ಒಲೆಯೊಳಗೆ ಹೊಗೆ ತಿರುಗಿಸೋಕೆ ಒಂದು ತಗಡು ಕೂರಿಸಿದ್ದೇನೆ, ಸೌದೆ ಕಾಲು ಭಾಗ ಉಳಿಯಿತು. ಅದರ ಅಳತೆ ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡಿನ ಲೆಕ್ಕ ಬಾಯಿಗೆ ಬಂದ ಹಾಗೆ: ಹಲಗೆಗೆ ನಲವತ್ತು ಸಾವಿರ ಚಿಲ್ಲರೆ, ಪೈಪಿಗೆ 27 ಸಾವಿರ, ಮ್ಯಾನಿಫೋಲ್ಡ್ ಹನ್ನೆರಡು, ಒಲೆ ಪಂಪು ಸೇರಿ 45, ಸಿಮೆಂಟ್ ಮರಳು ಜಲ್ಲಿ ಲಾರಿ ಬಾಡಿಗೆ ಸೇರಿ 38, ಮೆಶ್ ಹತ್ತು, ಕೂಲಿ 25ರ ಮೇಲೆ. ಎರಡು ಲಕ್ಷ. ಪಾಲಿಹೌಸ್ ಸೂರು ಇನ್ನೊಂದು ತೊಂಬತ್ತು ಸಾವಿರ. ಮಳೆಗೆ ಸುಮ್ನೆ ನಿಂತ ದಿನಗಳಿಗೂ ಮಿಕ್ಸರ್ ಬಾಡಿಗೆ ಪೂರ್ತಿ ಎಣಿಸಿಕೊಂಡರು. ಮೊದಲೇ ಮಾತಾಡಿಕೊಳ್ಳಿ.

ಒಣಗಿಸುವುದು ಹೀಗೆ. ಪಾರ್ಚ್‌ಮೆಂಟನ್ನು ಮೊದಲು ಜಾಲರಿ ಮಂಚದ ಮೇಲೆ ನೀರು ಬಸಿದು ಮೇಲಿನ ಸಿಪ್ಪೆ ಒಣಗಿಸಬೇಕು. ಹಸಿಯದನ್ನೇ ಬಿಸಿ ನೆಲಕ್ಕೆ ಹಾಕಿದರೆ ಕೆಳಗೆ ಬೇಯುತ್ತದೆ, ಮೇಲೆ ಹುಳಿಯುತ್ತದೆ. ಒಂದೂವರೆ ಇಂಚು ದಪ್ಪ ಹರಡಿ, ಅರ್ಧ ಗಂಟೆಗೊಮ್ಮೆ ಕೆದರಿ. ಕಾಫಿ ಒಳಗೆ ಥರ್ಮಾಮೀಟರ್ 40 ದಾಟಬಾರದು. ಮಧ್ಯಾಹ್ನ ಮೂರಕ್ಕೆ ಒಲೆ ಹಚ್ಚಿದರೆ ನೆಲ ಕಾಯುವುದು ಸಂಜೆಗೆ. ನಡುರಾತ್ರಿ ಬೆಂಕಿ ಬಿಟ್ಟರೂ ಬೆಳಗ್ಗೆ ಬರಿಗಾಲಿಗೆ ಬೆಚ್ಚಗೇ ಇರುತ್ತದೆ. ರಾತ್ರಿಗೆ 60 ಕೆಜಿ ಸೌದೆ, ಮರ ಕಪಾತು ಮಾಡಿದ (ಸವರಿದ) ಕೊಂಬೆಯೇ ಸಾಕು. ಮೋಡವಿದ್ದರೂ ಐದಾರು ದಿನಕ್ಕೆ ತೇವ ಶೇಕಡಾ ಹನ್ನೊಂದಕ್ಕೆ ಬರುತ್ತದೆ. ಬರಿ ಕಣದಲ್ಲಿ ಅಂಥ ಹವೆಗೆ ಎರಡು ವಾರವಾದರೂ ನಂಬಿಕೆಯಿಲ್ಲ.

ಕುತೂಹಲಕ್ಕೆ ಒಂದು ಪಾಲಿಗೆ ಕಪ್ಪು ಆಕ್ಸೈಡ್ ಬಳಿದೆ. ಬಿಸಿಲಿನಲ್ಲಿ ಮೂರು ನಾಲ್ಕು ಡಿಗ್ರಿ ಜಾಸ್ತಿ ಕಾಯುತ್ತದೆ, ಹಗಲು ಒಲೆಯೇ ಬೇಡ. ಕುದಿನೀರಿನಲ್ಲಿ ಅದ್ದಿ ತೆಗೆದ ಕಾಳುಮೆಣಸು ಚೆನ್ನಾಗಿ ಕಪ್ಪಾಯಿತು. ಜುಲೈನಲ್ಲಿ ಅಡುಗೆಯ ಹುಳಿಗೆ ಬಳಸುವ ಪಣಪುಳಿ ಹಣ್ಣಿನ ಸಿಪ್ಪೆ ಹಾಕಿದ್ದೆ. ಒಣಗಿತು, ಆದರೆ ಅಟ್ಟದ ಹೊಗೆಯ ಪರಿಮಳ ಬರಲಿಲ್ಲ, ಅಮ್ಮ ಅದನ್ನು ಅಡುಗೆಗೆ ಮುಟ್ಟಲಿಲ್ಲ. ಬಟ್ಟೆ ಮಾತ್ರ ಇಡೀ ಮಳೆಗಾಲ ಅಲ್ಲೇ. ಕಾಫಿ ಬೀಜದ ಮೊಳಕೆ ಮಡಿಯನ್ನು ಅಂಚಿನಲ್ಲಿ ಇಟ್ಟಿದ್ದೆ, ಹೊರಗಿನ ಮಡಿಗಿಂತ ಬೇಗ ತಲೆ ಎತ್ತಿತು.

2024ರಲ್ಲಿ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ ಹತ್ತು ಸಾವಿರ ದಾಟಿದ ಮೇಲೆ ಅದನ್ನೂ ಬಿಸಿ ಕಣಕ್ಕೆ ಹಾಕೋಣ ಅನ್ನಿಸಿದೆ. ಅದಕ್ಕೆ ಜಾಗ ಸಾಲದು. ಪಕ್ಕದಲ್ಲಿ ಇನ್ನೆರಡು ಪಾಲಿಗೆ ನೆಲ ಮಟ್ಟ ಮಾಡಿಸಿದ್ದೇನೆ, ಮ್ಯಾನಿಫೋಲ್ಡ್‌ನಲ್ಲಿ ಎರಡು ಬಾಯಿ ಮೊದಲೇ ಬಿಟ್ಟಿತ್ತು. ಮೇಸ್ತ್ರಿ ಅವರೇ. ಈ ಸಲ ಫೋಮ್ ಪಟ್ಟಿ ಎಷ್ಟು ಬೇಕೆಂದು ಅವರೇ ಅಳೆದುಕೊಂಡು ಹೋಗಿದ್ದಾರೆ.