ಕಾಸರಗೋಡಿನಲ್ಲಿ ಸಂಜೆ ಆರೂಕಾಲಿಗೆ ಪೈಥಾನ್

ಕಾಸರಗೋಡಿನಲ್ಲಿ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕೂಟ ನಡೆಯಲ್ಲ ಅಂತ ಹೇಳಿದವರೇ ಜಾಸ್ತಿ. ‘ಮಂಗಳೂರು 50 ಕಿಲೋಮೀಟರ್ ಮಾರಾಯ, ಆಸಕ್ತಿ ಇದ್ದವರು ಅಲ್ಲಿಗೇ ಬರ್ತಾರೆ’ ಅಂದರು ಮಂಗಳೂರಿನ ಗೆಳೆಯರು. ‘ಇದು ಗೊತ್ತಿದ್ದವರೆಲ್ಲ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಆಯ್ತು, ಉಳಿದವರಿಗೆ ಬೇಡ’ ಅಂದರು ಇಲ್ಲಿನವರು. ಈಗ ಎರಡನೇ ವರ್ಷ ನಡೆಯುತ್ತಿದೆ. ತಿಂಗಳಿಗೊಂದು ಸಂಜೆ, 15ರಿಂದ 20 ಜನ. ಹೋದ ತಿಂಗಳು ಅದೇ ಮಂಗಳೂರಿನ ಗೆಳೆಯರು ಫೋನ್ ಮಾಡಿ, ‘ನೀವು ಹೇಗೆ ಮಾಡ್ತೀರಿ, ಸ್ವಲ್ಪ ಬರೆದು ಕಳಿಸಿ’ ಅಂದರು. ಸ್ವಲ್ಪ ಅಲ್ಲ, ಪೂರ್ತಿಯೇ ಬರೆಯುತ್ತಿದ್ದೇನೆ. ಒಂದೆರಡು ಸಂಗತಿ ಬಿಟ್ಟು.

ಶುರುವಿನಲ್ಲಿ ಬೆಂಗಳೂರಿನ ಮಾದರಿಯನ್ನೇ ಇಲ್ಲಿ ಇಳಿಸಿದ್ದೆ. ಅಲ್ಲಿ ಕೆಲಸದಲ್ಲಿದ್ದಾಗ ಬ್ಯಾಂಗ್‌ಪೈಪರ್ಸ್ ಅನ್ನುವ ಪೈಥಾನ್ ಬಳಗದ (ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ) ಕೂಟಗಳಿಗೆ ಹೋಗಿ ರೂಢಿ. ರಜೆಯ ದಿನ, ದೊಡ್ಡ ಹಾಲ್, ಸ್ಲೈಡು, ಕೊನೆಗೆ ಪ್ರಶ್ನೆ. ಇಲ್ಲಿ ಭಾನುವಾರ ಬೆಳಿಗ್ಗೆಗೆ ಒಂದು ತರಬೇತಿ ಸಂಸ್ಥೆಯ ಹಾಲ್ ಹಿಡಿದೆ. ಬಾಡಿಗೆ 1500 ರೂಪಾಯಿ, ಪ್ರೊಜೆಕ್ಟರಿಗೆ ಬೇರೆ 700. ವಿಷಯ ಡಾಕರ್ ಅನ್ನುವ ಸಾಫ್ಟ್‌ವೇರ್. ಬಂದವರು ನಾಲ್ಕೋ ಐದೋ, ಅದರಲ್ಲಿ ಇಬ್ಬರು ನನ್ನ ನೆಂಟರು. ಭಾನುವಾರ ಅಂದರೆ ನಮ್ಮಲ್ಲಿ ಮದುವೆ, ಉಪನಯನ, ಇಲ್ಲದಿದ್ದರೆ ತೋಟ. ಯಾರು ಬರ್ತಾರೆ? ಒಬ್ಬರು ಚಹಾ ಖರ್ಚು ಕೊಡುತ್ತೇನೆ ಅಂದಿದ್ದರು. ಜನ ಎಣಿಸಿ ನೋಡಿ, ಮುಂದಿನ ಸಲದಿಂದ ಫೋನೇ ಎತ್ತಲಿಲ್ಲ.

ಆಮೇಲೆ ಆನ್‌ಲೈನ್ ನೋಡಿದೆವು. ಖರ್ಚು ಸೊನ್ನೆ, ಸೇರಿದವರು 30ರ ಮೇಲೆ. ಮೈಕ್ ಎಲ್ಲರದ್ದೂ ಮ್ಯೂಟ್, ಕ್ಯಾಮೆರಾ ಆಫ್. ಮುಗಿದ ಮೇಲೂ ಹತ್ತು ಹನ್ನೆರಡು ಹೆಸರು ಪರದೆಯ ಮೇಲೆ ಹಾಗೇ ಕೂತಿದ್ದವು. ಅವರು ಯಾವಾಗ ಎದ್ದು ಹೋದರೋ ಯಾರಿಗೆ ಗೊತ್ತು! ಅದನ್ನು ನಾನು ಸಭೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಗೆ ಕೂಟ ಗಟ್ಟಿಯಾಗಿ ನಿಲ್ಲುವ ಹಾಗೆ ಮಾಡಿದ್ದು ಎರಡು ವಿಷಯ. ಬಸ್ಸು, ಮತ್ತು ಬಂದವರ ಸ್ವಂತ ಫೈಲು.

ಬಸ್ಸಿನದ್ದು ಬೇಗ ಹೇಳುತ್ತೇನೆ. ನಮ್ಮವರು ಬರುವುದು ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಕುಂಬಳೆ ಕಡೆಯಿಂದ. ಹಗಲಿಗೆ ಕಾಸರಗೋಡು ಪೇಟೆಯಲ್ಲಿ ಕೆಲಸ, ರಾತ್ರಿ ಒಳಗಿನ ಊರಿಗೆ ಬಸ್ಸು ಕಡಿಮೆ. ಹಾಗಾಗಿ ವಾರದ ನಡುವಿನ ದಿನ, ಆರೂಕಾಲಿಗೆ ಶುರು, ಏಳೂವರೆಗೆ ಬಾಗಿಲು ಹಾಕುವುದು. ಮಾತಾಡುವವರು ಎಷ್ಟೇ ದೊಡ್ಡವರಿರಲಿ, ಏಳೂವರೆಗೆ ನಾನು ಫ್ಯಾನ್ ಆಫ್ ಮಾಡುತ್ತೇನೆ. ಮೊದಮೊದಲು ಬೇಜಾರಾದವರಿದ್ದಾರೆ. ಆದರೆ ಬಸ್ಸು ತಪ್ಪಿಸಿಕೊಂಡವನು ಮತ್ತೆ ಬರುವುದಿಲ್ಲ, ಇದು ನೋಡಿ ಕಲಿತ ಪಾಠ. ನವೆಂಬರಿನಿಂದ ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ) ಶನಿವಾರ ಇಡಲೇಬೇಡಿ. ಯಕ್ಷಗಾನದ ಆಟವೋ ಭೂತದ ಕೋಲವೋ ಹತ್ತಿರದಲ್ಲಿ ಇದ್ದೇ ಇರುತ್ತದೆ, ನಾನೇ ಅಲ್ಲಿಗೆ ಹೋಗುತ್ತೇನೆ.

ಜಾಗಕ್ಕೆ ನಮ್ಮ ಕಡೆ ಒಂದು ಅನುಕೂಲ ಇದೆ. ಕೇರಳದಲ್ಲಿ ಊರೂರಿಗೂ ಗ್ರಂಥಾಲಯ. ಅದರ ಮಹಡಿ ಸಂಜೆ ಖಾಲಿ. ನಮಗೆ ಸಿಕ್ಕಿದ್ದಕ್ಕೆ ಬಾಡಿಗೆ ಅಂತ ಇಲ್ಲ, ಕರೆಂಟಿಗೆ 100 ರೂಪಾಯಿ ಪೆಟ್ಟಿಗೆಗೆ ಹಾಕುತ್ತೇವೆ. ಜೂನ್ 19ರ ವಾಚನಾ ದಿನದ ಹೊತ್ತಿಗೆ ಮಾತ್ರ ಅವರದ್ದೇ ಕಾರ್ಯಕ್ರಮ ಇರುತ್ತದೆ, ಆಗ ನಾವು ದೂರ. ಪ್ರೊಜೆಕ್ಟರ್ ಬಿಟ್ಟುಬಿಟ್ಟೆ. ಯಾರದ್ದೋ ಮನೆಯಲ್ಲಿ ಮೂಲೆಗೆ ಬಿದ್ದಿದ್ದ 32 ಇಂಚಿನ ಟಿವಿಯನ್ನು 3500ಕ್ಕೆ ತಂದೆ, ಎಚ್‌ಡಿಎಂಐ ಕೇಬಲಿಗೆ ಇನ್ನೊಂದು 300. ಚಹಾ ಮತ್ತು ಗೋಳಿಬಜೆ ಸೇರಿ ತಲೆಗೆ 25, 30 ಬೀಳುತ್ತದೆ. ಒಟ್ಟು ಒಂದು ಸಂಜೆಗೆ 600ರ ಆಸುಪಾಸು. ತಲೆಗೆ 40 ತೆಗೆದುಕೊಳ್ಳುತ್ತೇವೆ, ವಿದ್ಯಾರ್ಥಿಗಳಿಗೆ ಇಲ್ಲ. ಟಿವಿಯ ದುಡ್ಡು ನಿಧಾನಕ್ಕೆ ಹುಟ್ಟುತ್ತಿದೆ. ಭಾಷಣಕಾರರಿಗೆ ಕೊಡುವುದು ಊಟ ಮಾತ್ರ. ಅಷ್ಟಕ್ಕೇ ಬೆಂಗಳೂರಿನವರು ಹೇಗೆ ಒಪ್ಪುತ್ತಾರೆ ಅನ್ನುವುದು ನನ್ನ ಗುಟ್ಟು, ಕೇಳಬೇಡಿ.

ಈಗ ಫೈಲಿನ ಕತೆ. ಸ್ಲೈಡ್ ಬೇಡ ಅಂದೆ. ಒಂದು ವಾರ ಮೊದಲೇ ಬರುವವರಲ್ಲಿ ಯಾರಾದರೊಬ್ಬರು ತಮ್ಮ ಕೆಲಸದಲ್ಲಿ ಕಾಟ ಕೊಡುವ ಒಂದು ಫೈಲ್ ಕಳಿಸಬೇಕು. ಮಾತಾಡುವವರು ಎಲ್ಲರೆದುರು ಅದನ್ನೇ ತೆರೆದು ಟೈಪ್ ಮಾಡಬೇಕು. ನಮ್ಮ ಕಡೆಯ ಫೈಲು ಅಂದ ಮೇಲೆ ಒಳಗೆ ಕನ್ನಡ ಇರುತ್ತದೆ. ಅಲ್ಲಿಂದಲೇ ಮಜಾ.

ಮೊದಲು ಕ್ಲಿಕ್ ಆದದ್ದು ಒಬ್ಬ ಕನ್ನಡ ಮಾಧ್ಯಮದ ಮೇಷ್ಟ್ರ ಹೆಸರಿನ ಪಟ್ಟಿ. ಪೈಥಾನಿನಲ್ಲಿ ಅಕಾರಾದಿಗೆ ಜೋಡಿಸುವ ‘ಸಾರ್ಟೆಡ್’ ಕೊಟ್ಟರೆ ಬಳ್ಳುಳ್ಳಾಯ ಮೊದಲು, ಬಸವ ಆಮೇಲೆ. ಮೇಷ್ಟ್ರು ತಕ್ಷಣ ಹಿಡಿದರು, ‘ಳ ಕೊನೆಗಲ್ವಾ ಬರಬೇಕಾದ್ದು? ಒಂದನೇ ಕ್ಲಾಸಿನ ಮಕ್ಕಳಿಗೆ ಗೊತ್ತಿದೆ!’ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಪಟ್ಟಿಯಲ್ಲಿ, ಲ ಆದ ಕೂಡಲೇ ಳ ಕೂತಿದೆ, ವ ಶ ಷ ಸ ಹ ಅದರ ನಂತರ. ಪೈಥಾನ್ ನೋಡುವುದು ಆ ನಂಬರನ್ನು ಮಾತ್ರ, ವರ್ಣಮಾಲೆಯನ್ನಲ್ಲ. ಹ ಆದ ಮೇಲೆ ಎರಡು ಖಾಲಿ ಜಾಗ ಇವೆ. ಸಾರ್ಟ್ ಕೀಯಲ್ಲಿ (ಜೋಡಿಸುವಾಗ ಹೋಲಿಸಿ ನೋಡುವ ಬೆಲೆಯಲ್ಲಿ) ಳವನ್ನು ಅಲ್ಲಿಗೆ ಕಳಿಸಿದರೆ ಆಯ್ತು, ಒಂದೇ ಸಾಲಿನ ಕೆಲಸ. ಅನುಸ್ವಾರದ ಸೊನ್ನೆಗೆ ಬೇರೆ ಉಪಾಯ ಬೇಕು. ಅದನ್ನು ಇಲ್ಲಿ ಬರೆಯುವುದಿಲ್ಲ, ಸಂಜೆಗೆ ಬನ್ನಿ.

ಹೊಸಬರು ಜಾಸ್ತಿ ಇದ್ದ ದಿನ ಉದ್ದ ಎಣಿಸುವ ‘ಲೆನ್’ನಿಂದ ಶುರು ಮಾಡುತ್ತೇನೆ. ‘ಕನ್ನಡ’ ಎಷ್ಟಕ್ಷರ ಅಂದರೆ ಎಲ್ಲರೂ ಮೂರು ಅನ್ನುತ್ತಾರೆ, ಪೈಥಾನ್ 5 ಅನ್ನುತ್ತದೆ. ‘ಸ್ತ್ರೀ’ ಒಂದೇ ಅಕ್ಷರ, ಅದಕ್ಕೆ 6. ಒತ್ತಿನ ಗುರುತು, ಸ್ವರದ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. ‘ಕನ್ನಡ’ವನ್ನು ತಿರುಗಿಸಿದರೆ ‘ಡನ್ನಕ’ ಅಂತ ಚೆಂದಕ್ಕೆ ಬರುತ್ತದೆ, ಯಾಕಂದರೆ ಒತ್ತಿನ ಎರಡೂ ಕಡೆ ನ ಇದೆ. ಅದನ್ನು ನಂಬಿ ‘ಕುಂಬಳೆ’ ತಿರುಗಿಸಿದರೆ ಎತ್ವ ಅನಾಥವಾಗಿ ಮುಂದೆ ಬಂದು ನಿಲ್ಲುತ್ತದೆ. ಕನ್ನಡ ಅಂಕಿಯಲ್ಲಿ ೧೨೩ ಬರೆದು ಅದನ್ನು ಸಂಖ್ಯೆಯಾಗಿ ಓದುವ ‘ಇಂಟ್’ಗೆ ಕೊಟ್ಟರೆ ಮಾತ್ರ ತಕರಾರಿಲ್ಲದೆ 123 ಕೊಡುತ್ತದೆ. ಇದಕ್ಕೆ ಪ್ರತಿ ಸಲವೂ ಚಪ್ಪಾಳೆ ಬೀಳುತ್ತದೆ. ನಾನು ಮಾಡಿದ್ದು ಏನೂ ಇಲ್ಲ, ಆದರೂ ತಗೊಳ್ಳುತ್ತೇನೆ.

ಕಾಸರಗೋಡಿಗೇ ಹೇಳಿ ಮಾಡಿಸಿದ್ದು 128ರ ಆಟ. ಒಂದು ಅಕ್ಷಯ ಕೇಂದ್ರದವರು (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಹೆಸರುಗಳ ಫೈಲ್ ತಂದಿದ್ದರು. ಅದೇ ಮನುಷ್ಯ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಮಲಯಾಳದಲ್ಲಿ. ಎರಡೂ ಒಬ್ಬರದ್ದೇ ಅಂತ ಹೇಗೆ ಹುಡುಕುವುದು? ಯೂನಿಕೋಡಿನಲ್ಲಿ ನಮ್ಮ ಲಿಪಿಗಳನ್ನೆಲ್ಲ ಭಾರತೀಯ ಲಿಪಿಗಳ ಹಳೆಯ ಸಂಕೇತ ಪಟ್ಟಿಯಾದ ಇಸ್ಕಿಯ ಒಂದೇ ಅಚ್ಚಿನಲ್ಲಿ ಜೋಡಿಸಿದ್ದಾರೆ. ಕನ್ನಡದ ಪಕ್ಕದ ಮನೆಯೇ ಮಲಯಾಳ. ಕನ್ನಡ ಅಕ್ಷರದ ನಂಬರಿಗೆ 128 ಕೂಡಿಸಿದರೆ ಅದೇ ಅಕ್ಷರ ಮಲಯಾಳದಲ್ಲಿ! ಬೇರೆ ಕೋಡ್ ಲೈಬ್ರರಿ ಗೀಬ್ರರಿ ಏನೂ ಬೇಡ. ಪರದೆಯ ಮೇಲೆ ‘ಕುಂಬಳೆ’ ಮಲಯಾಳವಾದಾಗ ಹಿಂದಿನ ಸಾಲಿನವರೂ ಎದ್ದು ಮುಂದೆ ಬಂದರು.

ಪೂರ್ತಿ ಸರಿ ಬರುವುದಿಲ್ಲ. ಮಲಯಾಳಿಗಳು ಬರೆಯುವುದು ‘ಕುಮ್ಪಳ’, ನಮ್ಮದು ‘ಕುಂಬಳೆ’ ಅಂತಲೇ ಇಳಿಯುತ್ತದೆ. ಸ್ವರವಿಲ್ಲದೆ ನಿಲ್ಲುವ ಅವರ ಚಿಲ್ಲಕ್ಷರಗಳು 2008ರಲ್ಲಿ ಯೂನಿಕೋಡಿಗೆ ಬೇರೆಯಾಗಿ ಸೇರಿದವು, ಅವಕ್ಕೆ ನಮ್ಮಲ್ಲಿ ಜೋಡಿಯೇ ಇಲ್ಲ. ವಾಪಸ್ ಬರುವಾಗ 128 ಕಳೆದರೆ ‘ಕೋಳಿಕ್ಕೋಡ್’ ಅನ್ನುವ ಹೆಸರಿನ ನಡುವೆ ಒಂದು ಖಾಲಿ ಡಬ್ಬ ಕಾಣುತ್ತದೆ. ಅಲ್ಲಿ ಅವರು ಬರೆಯುವುದು ಳ ಅಲ್ಲ, ೞ; ಆ ಅಕ್ಷರಕ್ಕೆ ಸರಿಯಾದ ಜಾಗ ಕನ್ನಡದ ಪಟ್ಟಿಯಲ್ಲಿ ಖಾಲಿ ಬಿದ್ದಿದೆ. ಹಳಗನ್ನಡದ ೞ ಬೇರೆಲ್ಲೋ ದೂರ ಕೂತಿದೆ. ಅದರ ಹೆಸರನ್ನು ಪೈಥಾನಿಗೆ ಕೇಳಿದರೆ ‘ಕನ್ನಡ ಲೆಟರ್ ಫಾ’ ಅನ್ನುತ್ತದೆ! ಯಾರೋ ತಪ್ಪು ಹೆಸರಿಟ್ಟರು, ಯೂನಿಕೋಡಿನ ನಿಯಮದಲ್ಲಿ ಒಮ್ಮೆ ಇಟ್ಟ ಹೆಸರು ಬದಲಾಗುವುದಿಲ್ಲ. ಆ ಸಂಜೆ ಅರ್ಧ ಗಂಟೆ ಇದರ ಮೇಲೆಯೇ ಹೋಯಿತು. ಹೆಸರು ಹೊಂದಿಸುವ ಕೆಲಸಕ್ಕೆ ಇಷ್ಟು ಒರಟು ಲೆಕ್ಕವೇ ಸಾಕಾಯಿತು. ಹತ್ತರಲ್ಲಿ ಆರೇಳು ಹೆಸರು ಸಿಕ್ಕವು, ಉಳಿದದ್ದು ಕಣ್ಣಲ್ಲಿ ನೋಡಿ ಮಾಡಿದರು.

ಸಲಕರಣೆಯ ಬಗ್ಗೆ ಒಂದು ಮಾತು. ನನ್ನ ಲಿನಕ್ಸಿನ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ) ಒತ್ತಕ್ಷರ ಒಡೆದು ಕಾಣುತ್ತದೆ. ಪೈಥಾನಿನ ಜೊತೆಗೇ ಬರುವ ಐಡಲ್ ಕೂಡ ಅಷ್ಟೇ. ಇದೇ ಕಾರಣಕ್ಕೆ ಒಂದು ಸಂಜೆ ಪೂರ್ತಿ ಹಾಳಾಯಿತು. ಜನ ಕೋಡನ್ನು ಬಿಟ್ಟು ಒತ್ತನ್ನೇ ನೋಡುತ್ತಿದ್ದರು. ಬ್ರೌಸರಿನಲ್ಲಿ ಕೋಡ್ ಬರೆಯುವ ಜುಪಿಟರ್ ನೋಟ್‌ಬುಕ್ ತೆರೆದರೆ ಈ ತಲೆಬಿಸಿ ಇಲ್ಲ, ಫೈರ್‌ಫಾಕ್ಸ್ ಒಳಗೆ ಅಕ್ಷರ ಜೋಡಿಸಿ ತೋರಿಸುವ ಹಾರ್ಫ್‌ಬಝ್ ಇದೆ. ಲ್ಯಾಪ್‌ಟಾಪ್ ಇಲ್ಲದವರಿಗೆ ಫೋನಿನಲ್ಲಿ ಪೈಡ್ರಾಯ್ಡ್ ಆ್ಯಪ್. ನೆಟ್ ಇಲ್ಲದೆಯೂ ಓಡುತ್ತದೆ, ಮಳೆಗಾಲದಲ್ಲಿ ಅದೇ ಗತಿ.

ಶಾಲೆಯ ಮಕ್ಕಳನ್ನು ಕರೆಯುವುದು ಸುಮ್ನೆ ಒಂದು ಪ್ರಯೋಗವಾಗಿತ್ತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಇದೆ, ಹೈಸ್ಕೂಲಿನ ಐಟಿ ಪುಸ್ತಕದಲ್ಲಿ ಪೈಥಾನ್ ಪಾಠ ಇದೆ, ಅದೂ ಕನ್ನಡದಲ್ಲಿ. ಗಡಿಯಾಚೆಯ ನಮ್ಮ ನೆಂಟರ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಪೈಥಾನಿನಲ್ಲಿ ಚಿತ್ರ ಬಿಡಿಸುವ ಟರ್ಟಲ್‌ನಲ್ಲಿ ರಂಗೋಲಿ ಬಿಡಿಸಿ ತಂದಳು, ಇಂಜಿನಿಯರಿಂಗ್ ಹುಡುಗರ ಮುಖ ನೋಡಬೇಕಿತ್ತು. ಅರ್ಧ ಮಾತು ಮಲಯಾಳದಲ್ಲಿ ಇಡುವ ಪ್ರಯೋಗವನ್ನೂ ಮಾಡಿದೆ. ಜನ ಹೆಚ್ಚಾದರು, ಆದರೆ ಪ್ರಶ್ನೆ ಕೇಳುವ ಕನ್ನಡದವರು ಬಾಯಿ ಮುಚ್ಚಿದರು. ಈಗ ಮಾತು ಕನ್ನಡದಲ್ಲಿ, ಪ್ರಶ್ನೆ ಯಾವ ಭಾಷೆಯಲ್ಲಾದರೂ. ತುಳುವಿನಲ್ಲೂ ಬಂದಿವೆ.

ಸದ್ಯ ಕೈಯಲ್ಲಿರುವುದು ಒಂದು ಡಿಟಿಪಿ ಅಂಗಡಿಯ ಹಳೆಯ ನುಡಿ ತಂತ್ರಾಂಶದ ಫೈಲುಗಳು, 20 ವರ್ಷದ ಮದುವೆ ಕಾಗದಗಳು. ಅವನ್ನು ಯೂನಿಕೋಡಿಗೆ ತರಬೇಕು. ಅಕ್ಷರ ಬದಲಿಸುವುದು ಸುಲಭ, ಅರ್ಕಾವತ್ತು ಮಾತ್ರ ಕಷ್ಟ. ಹಳೆಯ ನುಡಿಯಲ್ಲಿ ಅದು ಕಾಣುವ ಹಾಗೆ ಅಕ್ಷರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ‘ರ್’ ಮುಂದೆ ಬರಬೇಕು. ‘ಸೂರ್ಯ’ದಂಥ ಸಣ್ಣ ಪದ ದಾರಿಗೆ ಬಂತು. ಒತ್ತು, ದೀರ್ಘ, ಅರ್ಕಾವತ್ತು ಮೂರೂ ಒಟ್ಟಿಗೆ ಸಿಕ್ಕಲ್ಲಿ ಇನ್ನೂ ಜಗಳ ಇದೆ. ಅಂಗಡಿಯವರು ಮುಂದಿನ ಸಂಜೆಯ ಗೋಳಿಬಜೆಯ ಖರ್ಚು ತಮ್ಮದು ಅಂದಿದ್ದಾರೆ, ಅಷ್ಟರೊಳಗೆ ‘ಚಿ. ಸೌ.’ಗಳೆಲ್ಲ ಸರಿಯಾಗಿ ಬರಬೇಕಂತೆ.